ಶಾಸ್ತ್ರಿ ರಸ್ತೆಯ ಧರಣಿಯನ್ನು ಮಾಧ್ಯಮಗಳು ನಿಜವಾಗಿ ಮುಚ್ಚಿಟ್ಟವೇ?

ಪ್ರಶ್ನೆ: ನಾನು ವಿಜಯಪುರದ ಕಡೆಯವಳು, ಪುಣೆಯ ಕೊಥ್ರೂಡಿನಲ್ಲಿ ಮನೆ. ಮಹಡಿಯ ಖೋಲಿಯಲ್ಲಿ ಲಾತೂರಿನ ಹುಡುಗನೊಬ್ಬ ಬಾಡಿಗೆಗಿದ್ದಾನೆ, ಎಂಪಿಎಸ್‌ಸಿಗೆ, ಅಂದರೆ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಓದುತ್ತಾನೆ. ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಬರುತ್ತಿದೆ. ರಾತ್ರಿ ಹೊತ್ತು ರಸ್ತೆಯ ಮೇಲೆ ಕೂತ ವಿದ್ಯಾರ್ಥಿಗಳ ಫೋಟೋ, ಅದರ ಕೆಳಗೆ ಬರಹ: 2024ರ ಆಗಸ್ಟಿನಲ್ಲಿ ಪುಣೆಯ ಶಾಸ್ತ್ರಿ ರಸ್ತೆಯಲ್ಲಿ ಪರೀಕ್ಷೆಯ ವಿಷಯಕ್ಕೆ ಇಷ್ಟು ಮಕ್ಕಳು ಧರಣಿ ಕೂತರೂ ಒಂದೇ ಒಂದು ಚಾನೆಲ್ ತೋರಿಸಲಿಲ್ಲ, ಒಂದೇ ಒಂದು ಪತ್ರಿಕೆ ಬರೆಯಲಿಲ್ಲ. ನಮ್ಮ ಭಾವನವರು ಇದು ಶುದ್ಧ ಸುಳ್ಳು ಅಂತಾರೆ. ಹುಡುಗ ಮಾತ್ರ "ಕಾಕೂ, ನಾನೇ ಅಲ್ಲಿದ್ದೆ, ಯಾರೂ ನಮ್ಮ ಮಾತು ಕೇಳಲಿಲ್ಲ" ಅಂತಾನೆ. ಆ ವಾರ ಟಿವಿಯಲ್ಲಿ ನೋಡಿದ ನೆನಪು ನನಗಂತೂ ಇಲ್ಲ. ಯಾರ ಮಾತು ಖರೆ? ನಮ್ಮಂಥವರು ಇದನ್ನು ಪರೀಕ್ಷಿಸುವುದು ಹೇಗೆ?

ಉತ್ತರ: ಸಂದೇಶದಲ್ಲಿರುವ ಮಾತು ಸುಳ್ಳು. ಅಷ್ಟರ ಮಟ್ಟಿಗೆ ನಿಮ್ಮ ಭಾವನವರು ಸರಿ. ಆದರೆ ನಿಮ್ಮ ಮಹಡಿಯ ಹುಡುಗ ಹೇಳುತ್ತಿರುವುದು ಸಂದೇಶದ ಮಾತನ್ನಲ್ಲ, ಅದನ್ನು ಗಮನಿಸಿ. ಸಂದೇಶ ಹೇಳುವುದು "ಯಾರೂ ತೋರಿಸಲಿಲ್ಲ" ಎಂದು. ಹುಡುಗ ಹೇಳುವುದು "ಯಾರೂ ನಮ್ಮ ಮಾತು ಕೇಳಲಿಲ್ಲ" ಎಂದು. ಮೊದಲನೆಯದನ್ನು ನೀವು ಮನೆಯಲ್ಲೇ ಕೂತು ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಎರಡನೆಯದಕ್ಕೆ ತಾಳ್ಮೆ ಬೇಕು, ಅದರಲ್ಲಿ ಸತ್ಯವೂ ಸಾಕಷ್ಟಿದೆ. ಸುದ್ದಿ ಪರಿಶೀಲನೆಯ ಕೆಲಸದಲ್ಲಿರುವ ನಮ್ಮಂಥವರು ಮೊದಲನೆಯದಕ್ಕೆ "ಸುಳ್ಳು" ಎಂಬ ಮುದ್ರೆ ಒತ್ತಿ ಎದ್ದು ಹೋಗುವುದು ಸುಲಭ. ಹಾಗೆ ಮಾಡಿದರೆ ರಸ್ತೆಯಲ್ಲಿ ಕೂತಿದ್ದವನ ದೂರು ಹಾಗೇ ಉಳಿಯುತ್ತದೆ, ಜೊತೆಗೆ ಅವನಿಗೆ ಸುಳ್ಳುಗಾರನೆಂಬ ಹೆಸರು ಬರುತ್ತದೆ. ಅದಕ್ಕೇ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರಿಸುತ್ತಿದ್ದೇನೆ.

ಆ ವಾರ ನಡೆದದ್ದು ಇಷ್ಟು. ಮಹಾರಾಷ್ಟ್ರ ಲೋಕಸೇವಾ ಆಯೋಗದ ರಾಜ್ಯಸೇವಾ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 25ರ ಭಾನುವಾರಕ್ಕೆ ನಿಗದಿಯಾಗಿತ್ತು. ಬ್ಯಾಂಕ್ ಕ್ಲರ್ಕ್ ಹುದ್ದೆಗಳ ಐಬಿಪಿಎಸ್ ಪರೀಕ್ಷೆಯೂ ಅದೇ ದಿನಕ್ಕೆ ಬಂದಿತ್ತು. ಎರಡಕ್ಕೂ ಅರ್ಜಿ ಹಾಕಿದವರು ಒಂದನ್ನು ಬಿಡಲೇಬೇಕು. ಇದರ ಜೊತೆ, ಕೃಷಿ ಸೇವೆಯ 258 ಹುದ್ದೆಗಳನ್ನೂ ಇದೇ ಪರೀಕ್ಷೆಗೆ ಸೇರಿಸಬೇಕು ಎಂಬ ಬೇಡಿಕೆ ಬಹುದಿನದಿಂದ ಇತ್ತು. ಆಗಸ್ಟ್ 20ರ ರಾತ್ರಿ ನವಿ ಪೇಠಿನ ಶಾಸ್ತ್ರಿ ರಸ್ತೆಯಲ್ಲಿ ವಿದ್ಯಾರ್ಥಿಗಳು ಧರಣಿ ಕೂತರು. ಶಾಸಕ ರೋಹಿತ್ ಪವಾರ್ ಬಂದು ಅವರೊಡನೆ ಕೂತರು. ಸರ್ಕಾರ ನಿರ್ಧಾರ ಮಾಡದಿದ್ದರೆ ತಾವೂ ಬರುವುದಾಗಿ ಶರದ್ ಪವಾರ್ ಹೇಳಿದರು. ಆಗಸ್ಟ್ 22ರಂದು ಆಯೋಗ ಪರೀಕ್ಷೆಯನ್ನು ಮುಂದೂಡಿತು. ಕೊನೆಗೆ ಅದು ನಡೆದದ್ದು ಡಿಸೆಂಬರ್ 1ರಂದು.

ಇದೆಲ್ಲ ಆಗ ಮರಾಠಿ ಪತ್ರಿಕೆಗಳಲ್ಲಿ ಬಂತು. ಲೋಕಸತ್ತಾ, ಲೋಕಮತ್, ಸಕಾಳದಂಥ ಪತ್ರಿಕೆಗಳ ಪುಣೆ ಪುಟಗಳಲ್ಲಿ ಇದು ದೊಡ್ಡ ಸುದ್ದಿ. ಇಂಡಿಯನ್ ಎಕ್ಸ್‌ಪ್ರೆಸ್, ಹಿಂದುಸ್ತಾನ್ ಟೈಮ್ಸ್, ಟೈಮ್ಸ್ ಆಫ್ ಇಂಡಿಯಾದ ಪುಣೆ ವರದಿಗಾರರೂ ಬರೆದರು. ಎಬಿಪಿ ಮಾಝಾದಂಥ ಮರಾಠಿ ಚಾನೆಲ್‌ಗಳ ಮೈಕುಗಳು ಶಾಸ್ತ್ರಿ ರಸ್ತೆಯಲ್ಲೇ ಇದ್ದವು. "ಒಂದೂ ಇಲ್ಲ" ಎಂಬ ಮಾತನ್ನು ಬೀಳಿಸಲು ಒಂದೇ ವರದಿ ಸಾಕು. ಇಲ್ಲಿ ಬೇಕಾದಷ್ಟಿವೆ.

ಹಾಗಾದರೆ ನೀವೇಕೆ ನೋಡಲಿಲ್ಲ? ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಇಂಥ ಸಂದೇಶ ಪುಣೆಯ ಕನ್ನಡಿಗರಲ್ಲಿ ಬೇಗ ಬೇರು ಬಿಡುವುದಕ್ಕೆ ಕಾರಣವೂ ಇಲ್ಲೇ ಇದೆ.

ನಾವು ಪುಣೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬಾಳಿದರೂ ನಮ್ಮ ಮನೆಗಳಲ್ಲಿ ಸಂಜೆ ಹಚ್ಚುವುದು ಕನ್ನಡ ಚಾನೆಲ್, ಇಲ್ಲವೆಂದರೆ ಹಿಂದಿ ಚಾನೆಲ್. ತರಕಾರಿ ಕೊಳ್ಳುವಾಗ, ಸೊಸೈಟಿಯ ಮೀಟಿಂಗಿನಲ್ಲಿ ಮರಾಠಿ ಸರಾಗವಾಗಿ ಆಡುತ್ತೇವೆ. ಮರಾಠಿ ಪೇಪರು ತರಿಸಿ ಓದುವ ಮನೆಗಳು ಮಾತ್ರ ಕಡಿಮೆ. ಕನ್ನಡ ಚಾನೆಲ್‌ಗಳು ತಯಾರಾಗುವುದು ಬೆಂಗಳೂರಿನಲ್ಲಿ. ಹಿಂದಿ ಸುದ್ದಿವಾಹಿನಿಗಳಲ್ಲಿ ಹೆಚ್ಚಿನವು ದಿಲ್ಲಿ, ನೊಯ್ಡಾದಲ್ಲಿ. ಬೆಂಗಳೂರಿನ ಸುದ್ದಿಮನೆಗೆ ಶಾಸ್ತ್ರಿ ರಸ್ತೆ ಪರರಾಜ್ಯದ ಸುದ್ದಿ, ನೊಯ್ಡಾದ ಸುದ್ದಿಮನೆಗೆ ಅದು ಒಂದು ಊರಿನ ಸುದ್ದಿ. ಧರಣಿ ನಡೆಯುತ್ತಿದ್ದ ಜಾಗ ನಿಮ್ಮ ಮನೆಯಿಂದ ರಿಕ್ಷಾದಲ್ಲಿ ಹೋಗುವಷ್ಟು ಹತ್ತಿರ. ನಿಮಗೆ ಸುದ್ದಿ ಬರುವ ದಾರಿ ಮಾತ್ರ ನೂರಾರು ಮೈಲಿ ಸುತ್ತು ಹಾಕಿ ಬರುವಂಥದ್ದು. ನಮ್ಮನ್ನು ಕರೆಯಲಿಲ್ಲ ಎಂದ ಮಾತ್ರಕ್ಕೆ ಪಕ್ಕದ ಓಣಿಯಲ್ಲಿ ಮದುವೆಯೇ ನಡೆದಿಲ್ಲ ಅನ್ನಲಾಗದು, ಅಲ್ಲವೇ?

ಆ ವಾರ ಈ ಎರಡೂ ಕಡೆಯ ಪರದೆಗಳಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳಿ. ಆಗಸ್ಟ್ 17ರಂದು ಮುಡಾ ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವಿರುದ್ಧ ಕ್ರಮಕ್ಕೆ ರಾಜ್ಯಪಾಲರು ಅನುಮತಿ ಕೊಟ್ಟಿದ್ದರು, ವಿಷಯ ಹೈಕೋರ್ಟಿಗೆ ಹೋಗಿತ್ತು. ಅದಕ್ಕೂ ಮುಂಚೆ, ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ನೀರು ನಿಲ್ಲಿಸಲು ಒಂದು ವಾರ ಹೆಣಗಿದ್ದರು. ಕನ್ನಡ ಚಾನೆಲ್‌ಗಳ ಹೊತ್ತೆಲ್ಲ ಇದಕ್ಕೇ ಹೋಯಿತು. ದಿಲ್ಲಿಯ ಕಡೆ, ಕೋಲ್ಕತ್ತಾದ ಆರ್‌.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಕೊಲೆ ಪ್ರಕರಣವನ್ನು ಸುಪ್ರೀಂ ಕೋರ್ಟ್ ತಾನಾಗಿ ಕೈಗೆತ್ತಿಕೊಂಡು ವಿಚಾರಣೆ ನಡೆಸಿದ್ದು ಆಗಸ್ಟ್ 20ರಂದೇ. ಅದೇ ದಿನ ಮುಂಬೈ ಹತ್ತಿರದ ಬದ್ಲಾಪುರದಲ್ಲಿ ಇಬ್ಬರು ಪುಟ್ಟ ಶಾಲಾಬಾಲಕಿಯರ ಮೇಲಿನ ದೌರ್ಜನ್ಯಕ್ಕೆ ಸಿಟ್ಟಿಗೆದ್ದ ಜನ ರೈಲು ಹಳಿಗಿಳಿದು ಗಂಟೆಗಟ್ಟಲೆ ಲೋಕಲ್ ರೈಲುಗಳನ್ನು ನಿಲ್ಲಿಸಿದರು. ಮರುದಿನ, 21ರಂದು, ಪರಿಶಿಷ್ಟರ ಒಳಮೀಸಲಾತಿ ತೀರ್ಪಿನ ವಿರುದ್ಧ ಭಾರತ ಬಂದ್. ಪ್ರಧಾನಿ ಅಂದೇ ಪೋಲೆಂಡ್, ಉಕ್ರೇನ್ ಪ್ರವಾಸಕ್ಕೆ ಹೊರಟರು.

ಸುದ್ದಿಮನೆಗಳನ್ನು ಸಮರ್ಥಿಸಲು ಇದನ್ನೆಲ್ಲ ಹೇಳುತ್ತಿಲ್ಲ. ಬದ್ಲಾಪುರದ ಮಕ್ಕಳ ಸುದ್ದಿ ಮುಂದೆ ಬಂದದ್ದು ಸರಿಯಾಗಿಯೇ ಇತ್ತು. ಆದರೆ ಅದೇ ಕಾರಣ ತೋರಿಸಿ ಪರೀಕ್ಷೆಯ ಸುದ್ದಿಗೆ ಎರಡು ನಿಮಿಷವೂ ಇಲ್ಲ ಎಂದರೆ ಒಪ್ಪಲಾಗದು. ನಾನು ಹೇಳುವುದು ಇಷ್ಟೇ: ಒಂದು ಸುದ್ದಿ ಕಾಣಲಿಲ್ಲವೆಂದರೆ ಅದನ್ನು ಯಾರೋ ಬೇಕೆಂದೇ ಮುಚ್ಚಿಟ್ಟರು ಎನ್ನುವ ಮೊದಲು, ಆ ದಿನ ಆ ಜಾಗದಲ್ಲಿ ಯಾವ ಸುದ್ದಿ ಇತ್ತು ಎಂದು ನೋಡಲೇಬೇಕು. "ಮುಚ್ಚಿಟ್ಟರು" ಎನ್ನುವುದು ಉದ್ದೇಶದ ಆರೋಪ. ಅದಕ್ಕೆ ಬೇರೆಯೇ ಸಾಕ್ಷಿ ಬೇಕು.

ಪತ್ರಿಕೆಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ, ಹೊರಗಿನವರಿಗೆ ಅದು ಗೊತ್ತಿರುವುದಿಲ್ಲ. ಒಂದೇ ಹೆಸರಿನ ಪತ್ರಿಕೆ ಪುಣೆಯಲ್ಲಿ ಒಂದು, ನಾಗಪುರದಲ್ಲಿ ಒಂದು, ಸೊಲ್ಲಾಪುರದಲ್ಲಿ ಇನ್ನೊಂದು. ಪುಣೆ ನಗರದ ಪುಟದಲ್ಲಿ ಅರ್ಧ ಪುಟ ಬಂದ ಸುದ್ದಿ ಬೇರೆ ಆವೃತ್ತಿಯಲ್ಲಿ ನಾಲ್ಕು ಸಾಲಿಗೆ ಇಳಿಯಬಹುದು, ಬಾರದೆಯೂ ಹೋಗಬಹುದು. ದೂರದ ಊರುಗಳಿಗೆ ಹೋಗುವ ಪ್ರತಿಗಳು ಮೊದಲು ಅಚ್ಚಾಗುತ್ತವೆ, ಪತ್ರಿಕೆಯವರ ಬಾಯಲ್ಲಿ ಅದು ಡಾಕ್ ಎಡಿಷನ್. ನಗರದ ಪ್ರತಿ ಕೊನೆಗೆ ಅಚ್ಚಾಗುತ್ತದೆ. ರಾತ್ರಿ ಶುರುವಾದ ಧರಣಿ ಮರುದಿನದ ನಗರ ಪ್ರತಿಯಲ್ಲಿದ್ದು, ಡಾಕ್ ಎಡಿಷನ್ನಿನಲ್ಲಿ ಇಲ್ಲದಿರುವುದು ಇದರಿಂದಲೇ. ನಿಮ್ಮ ಹುಡುಗನ ತಂದೆ ಲಾತೂರಿನಲ್ಲಿ ಬೆಳಗಿನ ಪೇಪರು ಬಿಡಿಸಿ "ನಿಮ್ಮ ಸುದ್ದಿ ಎಲ್ಲೂ ಇಲ್ಲವಲ್ಲ" ಎಂದು ಫೋನು ಮಾಡಿದ್ದರೆ, ಅವರು ಹೇಳಿದ್ದು ಅವರ ಕೈಯಲ್ಲಿದ್ದ ಪೇಪರಿನ ಮಟ್ಟಿಗೆ ನಿಜವೇ ಇದ್ದೀತು.

ಈಗ ನೀವೇ ಪರೀಕ್ಷಿಸುವ ದಾರಿ. ಮೊದಲು, ಹುಡುಕುವುದು ಮರಾಠಿಯಲ್ಲಿ, ದೇವನಾಗರಿ ಲಿಪಿಯಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹುಡುಕಿ, ಎರಡು ಮೂರು ಫಲಿತಾಂಶ ನೋಡಿ, "ನೋಡಿ, ಏನೂ ಇಲ್ಲ" ಎಂದು ಸ್ಕ್ರೀನ್‌ಶಾಟ್ ಹಾಕುತ್ತಾರೆ. ಎಂಪಿಎಸ್‌ಸಿ, ವಿದ್ಯಾರ್ಥಿ, ಆಂದೋಲನ, ಪುಣೆ, ಈ ನಾಲ್ಕು ಪದಗಳನ್ನು ದೇವನಾಗರಿಯಲ್ಲಿ ಹಾಕಿ. ಫೋನಿನ ಕೀಬೋರ್ಡಿಗೆ ಮರಾಠಿ ಸೇರಿಸಲು ಬಾರದಿದ್ದರೆ ಮೈಕ್ ಒತ್ತಿ ಬಾಯಲ್ಲಿ ಹೇಳಿದರೂ ಆಯಿತು. ಕಂಪ್ಯೂಟರಿನಲ್ಲಾದರೆ ಗೂಗಲ್ ಫಲಿತಾಂಶದ ಮೇಲಿರುವ "ಟೂಲ್ಸ್" ಒತ್ತಿ ದಿನಾಂಕದ ಮಿತಿ ಹಾಕಬಹುದು. ಆಗಸ್ಟ್ 20ರಿಂದ 23ರವರೆಗೆ ಎಂದು ಕೊಡಿ. ಈ ಮಿತಿ ಹಾಕದಿದ್ದರೆ 2021, 2023, 2024ರ ಧರಣಿಗಳೆಲ್ಲ ಒಂದರ ಮೇಲೊಂದು ಬಿದ್ದು ತಲೆ ಕೆಡುತ್ತದೆ.

ಆಮೇಲೆ ಯೂಟ್ಯೂಬ್. ಚಾನೆಲ್‌ಗಳು ಬುಲೆಟಿನ್ನಿನ ತುಣುಕುಗಳನ್ನು ಅಲ್ಲಿ ಹಾಕುತ್ತವೆ, ಪ್ರತಿಯೊಂದಕ್ಕೂ ದಿನಾಂಕ ಇರುತ್ತದೆ. ಇಲ್ಲಿ ಒಂದು ಎಚ್ಚರ: ಯೂಟ್ಯೂಬಿಗೆ ಹಾಕಿದ್ದೆಲ್ಲ ಟಿವಿಯಲ್ಲಿ ಪ್ರಸಾರವಾಗಿತ್ತು ಎಂದೇನಿಲ್ಲ. ಟಿವಿಯಲ್ಲಿ ಬಂದದ್ದೆಲ್ಲ ಯೂಟ್ಯೂಬಿನಲ್ಲಿ ಉಳಿದಿರುತ್ತದೆ ಎಂದೂ ಇಲ್ಲ. ಪತ್ರಿಕೆಗಳ ಮಟ್ಟಿಗೆ ಇ-ಪೇಪರ್ ಹೆಚ್ಚು ಗಟ್ಟಿ ಸಾಕ್ಷಿ. ಯಾವ ಆವೃತ್ತಿ, ಯಾವ ಪುಟ, ಎಷ್ಟು ಕಾಲಂ, ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಹಳೆಯ ಸಂಚಿಕೆ ದುಡ್ಡು ಕೊಟ್ಟರೆ ಮಾತ್ರ ತೆರೆಯುವಂತಿದ್ದರೆ, ಹಳೆಯ ಪೇಪರುಗಳನ್ನು ಕಟ್ಟಿಡುವ ಗ್ರಂಥಾಲಯಗಳಿಗೆ ಪುಣೆಯಲ್ಲಿ ಕೊರತೆಯಿಲ್ಲ.

"ಒಂದೂ ಇಲ್ಲ" ಎಂಬುದಕ್ಕೆ ಇಷ್ಟು ಸಾಕು. "ಕಡಿಮೆ ತೋರಿಸಿದರು" ಎಂಬುದನ್ನು ಪರೀಕ್ಷಿಸಬೇಕಾದರೆ ಅಳೆಯಬೇಕು. ಅಳೆಯುವ ಮೊದಲೇ ಏನನ್ನು ಅಳೆಯುತ್ತೇನೆ ಎಂದು ಬರೆದಿಟ್ಟುಕೊಳ್ಳಬೇಕು. ಯಾವ ಐದು ಚಾನೆಲ್, ಯಾವ ದಿನಗಳು, ಯಾವ ಹೊತ್ತಿನ ಬುಲೆಟಿನ್ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ನೋಡುತ್ತ ನೋಡುತ್ತ ಆರಿಸಿಕೊಂಡರೆ ನಮಗೆ ಬೇಕಾದ ಉತ್ತರವೇ ಸಿಗುತ್ತದೆ, ಇದು ಎಷ್ಟು ಅನುಭವ ಇದ್ದವರಿಗೂ ತಪ್ಪಿದ್ದಲ್ಲ. ರಾತ್ರಿ 9ರ ಬುಲೆಟಿನ್ನಿನಲ್ಲಿ ಆ ಸುದ್ದಿ ಎಷ್ಟನೆಯದಾಗಿ ಬಂತು, ಎಷ್ಟು ನಿಮಿಷ, ಮಾತಾಡಿದವರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಗೀಟು ಹಾಕಿ ಬರೆಯಿರಿ. ಕೊನೆಗೆ ನೀವು ಹೇಳಬಹುದಾದ ಮಾತು "ಈ ಐದರಲ್ಲಿ, ಈ ಎರಡು ದಿನ, ಈ ಹೊತ್ತಿನಲ್ಲಿ ಇಷ್ಟು ಬಂತು" ಎಂಬಷ್ಟೇ. ದಿನದ 24 ಗಂಟೆಯೂ ಓಡುವ ಚಾನೆಲ್ಲೊಂದು ಒಂದು ಸುದ್ದಿಯನ್ನು ತೋರಿಸಲೇ ಇಲ್ಲ ಎಂದು ಪೂರ್ತಿ ರೆಕಾರ್ಡಿಂಗ್ ಇಲ್ಲದೆ ಯಾರೂ ಖಡಾಖಂಡಿತ ಹೇಳಲಾರರು. ಫೋಟೋ, ವಿಡಿಯೊ ಅಸಲಿಯೋ ನಕಲಿಯೋ ಎಂದು ಹೇಳಬಲ್ಲ ಪರಿಶೀಲನಾ ಸಂಸ್ಥೆಗಳಿಗೂ ಇಂಥ ಮಾತನ್ನು ಪರೀಕ್ಷಿಸುವುದು ಕಷ್ಟವೇ.

ಇಂಥ ಮಾತಿಗೆ ತಾರೀಖೂ ಮುಖ್ಯ. 2024ರದೇ ನೀಟ್ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಮೇ 5ಕ್ಕೆ ಪರೀಕ್ಷೆ ಆಯಿತು. ಜೂನ್ 14ಕ್ಕೆ ಬರಬೇಕಿದ್ದ ಫಲಿತಾಂಶ ಜೂನ್ 4ಕ್ಕೇ ಬಂತು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನವೇ. 67 ಮಂದಿಗೆ 720ಕ್ಕೆ 720 ಅಂಕ ಬಂದಿದ್ದು ನೋಡಿ ಮಕ್ಕಳು, ಪಾಲಕರು ದಂಗಾದರು. ಆದರೆ ಆ ಒಂದೆರಡು ದಿನ ಟಿವಿಯ ತುಂಬ ಯಾರಿಗೆ ಎಷ್ಟು ಸೀಟು ಎಂಬುದೇ. ಆಗ "ನಮ್ಮನ್ನು ಯಾರೂ ಕೇಳುತ್ತಿಲ್ಲ" ಎಂದು ಪಾಲಕರು ಹೇಳಿದ್ದರಲ್ಲಿ ನ್ಯಾಯವಿತ್ತು. ಮುಂದೆ 1,563 ಮಂದಿಗೆ ಕೊಟ್ಟ ಕೃಪಾಂಕದ ವಿಷಯ ಸುಪ್ರೀಂ ಕೋರ್ಟಿನಲ್ಲಿ ಬಂತು, ಅವರಿಗೆ ಜೂನ್ 23ಕ್ಕೆ ಮರುಪರೀಕ್ಷೆ ನಡೆಯಿತು. ಅಷ್ಟರಲ್ಲಿ ಅದು ದೇಶದ ಮೊದಲ ಸುದ್ದಿಯಾಗಿತ್ತು. ಜೂನ್ 5ರಂದು ಅರ್ಧ ನಿಜವಾಗಿದ್ದ ಮಾತು ಜೂನ್ 20ಕ್ಕೆ ಪೂರಾ ಸುಳ್ಳು. ಸಂದೇಶ ಮಾತ್ರ ತಾರೀಖಿಲ್ಲದೆ ಗುಂಪಿನಿಂದ ಗುಂಪಿಗೆ ಓಡುತ್ತಲೇ ಇರುತ್ತದೆ. ವಾಟ್ಸಾಪಿನಲ್ಲಿ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು, ಮೊದಲು ಬರೆದವರು ಯಾವಾಗ ಬರೆದರೋ ಗೊತ್ತಾಗುವುದಿಲ್ಲ. ನಿಮ್ಮ ಗುಂಪಿನ ಸಂದೇಶವನ್ನು ಯಾರಾದರೂ ಆಗಸ್ಟ್ 20ರ ಮಧ್ಯರಾತ್ರಿ, ಮೈಕುಗಳು ಬರುವ ಮುನ್ನ, ಸಂಕಟದಿಂದ ಬರೆದಿರಲೂಬಹುದು. ಆಗ ಅದು ಸುಳ್ಳಾಗಿರಲಿಲ್ಲವೇನೋ.

ಇನ್ನು ಆ ಫೋಟೋ. ಅದನ್ನು ನಾನು ನೋಡಿಲ್ಲ, ಆದ್ದರಿಂದ ಅದು ಯಾವ ವರ್ಷದ್ದೆಂದು ಹೇಳಲಾರೆ. ಹೇಗೆ ನೋಡಬೇಕೆಂದು ಹೇಳಬಲ್ಲೆ. ಪುಣೆಯ ಈ ಭಾಗದಲ್ಲಿ ಎಂಪಿಎಸ್‌ಸಿ ವಿದ್ಯಾರ್ಥಿಗಳು ಬೀದಿಗಿಳಿದದ್ದು ಒಂದೇ ಸಲವಲ್ಲ. 2021ರ ಮಾರ್ಚ್ 11ರಂದು, ಮಹಾಶಿವರಾತ್ರಿಯ ದಿನ, ಕೊರೊನಾ ಕಾರಣಕ್ಕೆ ಮಾರ್ಚ್ 14ರ ಪರೀಕ್ಷೆಯನ್ನು ಆಯೋಗ ಮುಂದೂಡಿತು. ಮತ್ತೆ ಮತ್ತೆ ಮುಂದೂಡಿ ಬೇಸತ್ತಿದ್ದ ವಿದ್ಯಾರ್ಥಿಗಳು ಇದೇ ನವಿ ಪೇಠಿನಲ್ಲಿ ರಸ್ತೆ ತಡೆದರು. ಅಂದು ಸಂಜೆಯೇ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಮಾತಾಡಬೇಕಾಯಿತು, ಪರೀಕ್ಷೆ ಮಾರ್ಚ್ 21ಕ್ಕೆ ನಡೆಯಿತು. 2023ರ ಫೆಬ್ರವರಿಯಲ್ಲಿ ಧರಣಿ ನಡೆದದ್ದು ಅಲ್ಕಾ ಟಾಕೀಸ್ ಚೌಕಿನಲ್ಲಿ. ಮುಖ್ಯ ಪರೀಕ್ಷೆಯನ್ನು ವಿವರಣಾತ್ಮಕ, ಅಂದರೆ ಉತ್ತರವನ್ನು ಬಿಡಿಸಿ ಬರೆಯುವಂಥದ್ದು ಮಾಡುವ ಹೊಸ ಪದ್ಧತಿ ಕೂಡಲೇ ಬೇಡ, 2025ರಿಂದ ಬರಲಿ ಎಂಬುದು ಬೇಡಿಕೆ. ಫೆಬ್ರವರಿ 23ರಂದು ಆಯೋಗ ಒಪ್ಪಿಕೊಂಡಿತು.

ಅಂದರೆ 2021ರಲ್ಲಿ ಪರೀಕ್ಷೆ ಮುಂದೂಡಿದ್ದಕ್ಕೆ ಧರಣಿ, 2024ರಲ್ಲಿ ಮುಂದೂಡಿ ಎಂದು ಧರಣಿ. ಫೋಟೋದಲ್ಲಿ ಕೈಬರಹದ ಫಲಕಗಳಿದ್ದರೆ ದೊಡ್ಡದು ಮಾಡಿ ಓದಿ. ಬೇಡಿಕೆ ಏನೆಂದು ತಿಳಿದರೆ ವರ್ಷ ತಾನಾಗಿ ತಿಳಿಯುತ್ತದೆ. ಮುಖಗಳ ಮೇಲೆ ಮಾಸ್ಕ್ ತುಂಬಿದ್ದರೆ 2021ರದ್ದೇ ಇರಬೇಕು. ರಸ್ತೆ ಒದ್ದೆಯಿದ್ದು ಕೊಡೆಗಳು ಕಂಡರೆ ಫೆಬ್ರವರಿಯದ್ದು ಆಗಿರಲಾರದು. ಹಿಂದೆ ಅಲ್ಕಾ ಟಾಕೀಸಿನ ಕಟ್ಟಡ ಕಂಡರೆ 2023ರ ಕಡೆ ಮೊದಲು ಹುಡುಕಿ. ಇವೆಲ್ಲ ಸುಳಿವು ಮಾತ್ರ. ಗೂಗಲ್ ಲೆನ್ಸಿನಲ್ಲಿ ಫೋಟೋ ಹಾಕಿ ಅದು ಮೊದಲು ಎಲ್ಲಿ, ಯಾವ ದಿನ ಪ್ರಕಟವಾಯಿತೆಂದು ಕಂಡುಕೊಂಡ ಮೇಲೆಯೇ ಖಚಿತವಾಗಿ ಹೇಳಿ. ಒಂದು ಸ್ವಾರಸ್ಯವೂ ಇದೆ: "ಯಾವ ಮಾಧ್ಯಮವೂ ತೋರಿಸಲಿಲ್ಲ" ಎಂಬ ಬರಹದ ಮೇಲಿರುವ ಫೋಟೋವನ್ನು ತೆಗೆದದ್ದು ಎಷ್ಟೋ ಸಲ ಪತ್ರಿಕೆಯ ಛಾಯಾಗ್ರಾಹಕರೇ ಆಗಿರುತ್ತಾರೆ. ಮೂಲೆಯಲ್ಲಿ ಪತ್ರಿಕೆಯ ಗುರುತು ಅಳಿಸಿದ ಕಲೆ ಇದೆಯೇ ನೋಡಿ.

ಈಗ ಹುಡುಗನ ಮಾತಿಗೆ ಬರುತ್ತೇನೆ.

2023ರ ಧರಣಿಯ ವರದಿಗಳನ್ನು ತೆರೆದರೆ ಏನು ಕಾಣುತ್ತದೆ? ಆಗ ಕಸಬಾ ಪೇಠ್ ಮತ್ತು ಚಿಂಚವಾಡ ಉಪಚುನಾವಣೆಗಳು ಕಣ್ಣೆದುರಿಗಿದ್ದವು, ಫೆಬ್ರವರಿ 26ಕ್ಕೆ ಮತದಾನ. ಶಿವಸೇನೆಯ ಹೆಸರು, ಬಿಲ್ಲು ಬಾಣದ ಚಿಹ್ನೆ ಶಿಂದೆ ಬಣಕ್ಕೆ ಸಿಕ್ಕು ಒಂದು ವಾರವೂ ಆಗಿರಲಿಲ್ಲ. ಶರದ್ ಪವಾರ್ ರಾತ್ರಿ ಧರಣಿಯ ಜಾಗಕ್ಕೆ ಬಂದರು, ಅದು ಸುದ್ದಿ. ಮುಖ್ಯಮಂತ್ರಿ ಏಕನಾಥ ಶಿಂದೆ ಲೋಕಸೇವಾ ಆಯೋಗ ಎನ್ನುವ ಬದಲು ಚುನಾವಣಾ ಆಯೋಗ ಎಂದುಬಿಟ್ಟರು, ಅದೂ ಸುದ್ದಿ. ವಿವರಣಾತ್ಮಕ ಪದ್ಧತಿ ಬಂದರೆ ಹಳ್ಳಿಯ ಹುಡುಗಿಯೊಬ್ಬಳ ಓದು ಹೇಗೆ ಬದಲಾಗುತ್ತದೆ, ಹೊಸ ಪುಸ್ತಕ, ಹೊಸ ಕ್ಲಾಸಿಗೆ ಅವಳು ದುಡ್ಡು ಎಲ್ಲಿಂದ ತರಬೇಕು, ಬಹುಆಯ್ಕೆಯ ಪ್ರಶ್ನೆಗಳಿಗೆಂದು ಮೂರು ವರ್ಷ ತಯಾರಾದವಳಿಗೆ ಎಷ್ಟು ಸಮಯ ಬೇಕು, ಇದನ್ನು ಬಿಡಿಸಿ ಹೇಳಿದ ವರದಿಗಳು ಕಡಿಮೆ. 2024ರಲ್ಲೂ ಯಾವ ನಾಯಕ ಬರುತ್ತಾರೆ ಎಂಬುದಕ್ಕೆ ಸಿಕ್ಕ ಜಾಗ 258 ಹುದ್ದೆಗಳ ಲೆಕ್ಕಕ್ಕೆ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕ್ಯಾಮೆರಾ ಬಂತು, ವಿದ್ಯಾರ್ಥಿಯ ಭುಜದ ಮೇಲಿಂದ ನಾಯಕರ ಕಡೆ ತಿರುಗಿತು. ಅಲ್ಲಿ ಕೂತಿದ್ದವನಿಗೆ "ಯಾರೂ ನಮ್ಮ ಮಾತು ಕೇಳಲಿಲ್ಲ" ಅನ್ನಿಸಿದ್ದು ಸಹಜ.

ಮುಂಬೈಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೀಗಾಗಿತ್ತು. 2022ರ ಜನವರಿ 31ರಂದು 10, 12ನೇ ತರಗತಿಯ ಪರೀಕ್ಷೆಗಳನ್ನು ಆನ್‌ಲೈನ್ ಮಾಡಿ ಎಂದು ಮಕ್ಕಳು ಧಾರಾವಿಯಲ್ಲಿ, ಶಿಕ್ಷಣ ಸಚಿವೆಯ ಮನೆಯ ಹತ್ತಿರ ನೆರೆದರು. ದಿನವಿಡೀ ಟಿವಿಯಲ್ಲಿ ಅದೇ. ಆದರೆ ಒಂದು ದಿನದೊಳಗೆ ಸುದ್ದಿಯೆಲ್ಲ ಆ ಮಕ್ಕಳನ್ನು ಕರೆದನೆಂದು ಬಂಧಿತನಾದ ಆನ್‌ಲೈನ್ ತಾರೆಯ ಸುತ್ತ ತಿರುಗಿತು. ಎರಡು ವರ್ಷ ಫೋನಿನ ಪರದೆಯಲ್ಲಿ ಪಾಠ ಕೇಳಿದ ಮಕ್ಕಳ ಬರೆಯುವ ವೇಗ, ಅವರ ಭಯ, ಒಂದೇ ಫೋನಿದ್ದ ಮನೆಗಳ ಕಥೆ ಹಿಂದೆ ಉಳಿಯಿತು. ಮಾಧ್ಯಮ ಕಡೆಗಣಿಸಿತು ಎಂದರೆ ಸುಳ್ಳಾಗುತ್ತದೆ. ಮಕ್ಕಳ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದರೂ ಸುಳ್ಳಾಗುತ್ತದೆ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಆಗಸ್ಟ್ 22ಕ್ಕೆ ಪರೀಕ್ಷೆ ಮುಂದೆ ಹೋಯಿತು, ಟಿವಿ ವ್ಯಾನುಗಳು ತೆರಳಿದವು. ಆಗಸ್ಟ್ 25ರಿಂದ ಡಿಸೆಂಬರ್ 1ರವರೆಗೆ ಸದಾಶಿವ ಪೇಠ್, ನಾರಾಯಣ ಪೇಠಿನ ಖೋಲಿಗಳಲ್ಲಿ ಇದ್ದವರು ಬಾಡಿಗೆ, ಮೆಸ್ಸಿನ ದುಡ್ಡು, ಅಭ್ಯಾಸಿಕೆಯ (ಓದಲು ಕೂರುವ ಕೋಣೆಯ) ಕುರ್ಚಿಯ ಶುಲ್ಕ ಮೂರು ತಿಂಗಳು ಹೆಚ್ಚು ಕಟ್ಟಬೇಕಾಯಿತು. ಆಗಸ್ಟಿಗೆಂದೇ ತಯಾರಾಗಿ ಪರೀಕ್ಷೆ ನಡೆಯಲಿ ಎಂದುಕೊಂಡಿದ್ದವರನ್ನು ಯಾರು ಮಾತಾಡಿಸಿದರು? ವಯೋಮಿತಿಯ ಅಂಚಿನಲ್ಲಿದ್ದವರ ಗತಿ ಏನಾಯಿತು? ಎರಡು ಸಂಸ್ಥೆಗಳ ಪರೀಕ್ಷೆ ಒಂದೇ ದಿನ ಬೀಳದಂತೆ ವರ್ಷದ ಮೊದಲೇ ಕೂತು ಮಾತಾಡುವ ವ್ಯವಸ್ಥೆ ಯಾಕಿಲ್ಲ? ಇವು ಧರಣಿ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆಗಳು. ಸುದ್ದಿಮನೆಯಲ್ಲಿ ಇದಕ್ಕೆ ಫಾಲೋಅಪ್ ಅನ್ನುತ್ತಾರೆ, ಅಲ್ಲಿ ಮೊದಲು ಬಲಿಯಾಗುವುದೂ ಅದೇ. ಮಾಧ್ಯಮಗಳ ಮೇಲೆ ದೂರು ಹೇಳಬೇಕೆಂದಿದ್ದರೆ ಇಲ್ಲಿ ಹೇಳಿ. ಇದಕ್ಕೆ ಆಧಾರವಿದೆ, ಯಾರೂ ಒಂದು ಲಿಂಕ್ ತೋರಿಸಿ ಬಾಯಿ ಮುಚ್ಚಿಸಲಾರರು.

ನಿಮ್ಮ ಗುಂಪಿನಲ್ಲಿ ಎಲ್ಲರೂ ಕನ್ನಡಿಗರಾದ್ದರಿಂದ ಇನ್ನೊಂದು ಮಾತು. ಅದೇ ಆಗಸ್ಟ್ 25ರಂದು ಕರ್ನಾಟಕದಲ್ಲೂ ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಇತ್ತು. ಅದೇ ಬ್ಯಾಂಕ್ ಪರೀಕ್ಷೆ ಅಡ್ಡ ಬಂತೆಂದು ಅದನ್ನು 27ಕ್ಕೆ ಸರಿಸಿದರು. ಆ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ತಪ್ಪುಗಳಿಂದ ತುಂಬಿ, ಕನ್ನಡದಲ್ಲಿ ಬರೆದವರಿಗೆ ಅನ್ಯಾಯವಾಯಿತೆಂದು ಗದ್ದಲವಾಯಿತು. ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಮರುಪರೀಕ್ಷೆಗೆ ಹೇಳಿದರು, ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳು ಮತ್ತೆ ಬಂದವು. ಕನ್ನಡ ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು, ನಿಮಗೆಲ್ಲ ಗೊತ್ತೇ ಇದೆ. ನಿಮ್ಮ ಸೊಸೈಟಿಯ ಮರಾಠಿ ಮನೆಗಳಲ್ಲಿ ಕೇಳಿ ನೋಡಿ, ಎಷ್ಟು ಮಂದಿಗೆ ಇದು ಗೊತ್ತು ಎಂದು. ಅವರಲ್ಲೊಬ್ಬರು "ಕರ್ನಾಟಕದ ಮಕ್ಕಳ ಗೋಳನ್ನು ಯಾವ ಮಾಧ್ಯಮವೂ ತೋರಿಸಲಿಲ್ಲ" ಎಂದು ಮರಾಠಿಯಲ್ಲಿ ಸಂದೇಶ ಹಾಕಿದರೆ ನಿಮ್ಮ ಭಾವನವರು ಏನು ಹೇಳುತ್ತಾರೋ, ಶಾಸ್ತ್ರಿ ರಸ್ತೆಯ ಸಂದೇಶಕ್ಕೆ ಮರಾಠಿ ಪತ್ರಕರ್ತರು ಹೇಳುವುದೂ ಅದನ್ನೇ.

ಭಾವನವರಿಗೆ ಒಂದು ವಿನಂತಿ: ಗುಂಪಿನಲ್ಲಿ "ಸುಳ್ಳು" ಎಂದಷ್ಟೇ ಹಾಕಿ ಸುಮ್ಮನಾಗಬೇಡಿ. ಆಗಸ್ಟ್ 21 ಅಥವಾ 22ರ ಯಾವುದಾದರೂ ಒಂದು ಮರಾಠಿ ವರದಿಯ ಕೊಂಡಿ ಹಾಕಿ, ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಗುಂಪಿನ ಎಷ್ಟೋ ಮಂದಿಗೆ ಆ ಧರಣಿ ಯಾತಕ್ಕಾಗಿ ನಡೆಯಿತೆಂದೇ ಗೊತ್ತಿರಲಿಕ್ಕಿಲ್ಲ. ನೀವು ಹುಡುಗನನ್ನು ಕೂರಿಸಿಕೊಂಡು ಕೇಳಿ: ಅಲ್ಲಿ ಯಾವ ಚಾನೆಲ್‌ನವರು ಬಂದಿದ್ದರು, ಯಾರನ್ನು ಮಾತಾಡಿಸಿದರು, ಅವನು ಹೇಳಬೇಕೆಂದಿದ್ದ ಯಾವ ಮಾತು ಯಾವ ವರದಿಯಲ್ಲೂ ಬರಲಿಲ್ಲ? ಅವನು ಹೇಳಿದ್ದನ್ನು ಅವನ ಒಪ್ಪಿಗೆ ಪಡೆದು, ಹೆಸರಿಲ್ಲದೆ, ಅದೇ ಗುಂಪಿಗೆ ಕನ್ನಡದಲ್ಲಿ ಬರೆದು ಹಾಕಿ. ಪತ್ರಿಕೆಗಳ ಓದುಗರ ಪತ್ರದ ವಿಭಾಗಕ್ಕೂ ಕಳಿಸಬಹುದು, ಪರೀಕ್ಷೆಯ ದಿನಾಂಕಗಳ ಘರ್ಷಣೆ ಮುಂದಿನ ಸಲವೂ ಬರುವಂಥದ್ದೇ. ಆ ಫೋಟೋ ಯಾವ ವರ್ಷದ್ದೆಂದು ಖಚಿತವಾಗುವವರೆಗೆ ಅದನ್ನು ಮಾತ್ರ ಮತ್ತೆ ಯಾರಿಗೂ ಕಳಿಸಬೇಡಿ.